ಎರೆಮಣ್ಣಿನ ದಾರಿ, ಹಳೆಯ ಜೀಪು

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ನವಲೂರು, ರಾಯಾಪುರ, ನವನಗರ, ಉಣಕಲ್ಲು ದಾಟಿ ಬರುವ ಈ ಡಾಂಬರು ದಾರಿಯಲ್ಲಿ ಹಳೆಯ ಜೀಪು ಕೂಡ ಸಭ್ಯವಾಗಿಯೇ ಓಡುತ್ತದೆ. ಅದರ ನಿಜವಾದ ಗುಣ ತಿಳಿಯಬೇಕೆಂದರೆ ಹುಬ್ಬಳ್ಳಿ ದಾಟಿ ನವಲಗುಂದದ ಕಡೆಗೆ ಸಾಗಿ, ಹೊಲದ ದಾರಿಗೆ ಇಳಿಯಬೇಕು. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅದರ ಮೇಲಿನ ದಾರಿ ಸಮನಾಗಿ ಉಳಿಯುವುದಾದರೂ ಹೇಗೆ? ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಯ ಸೊಂಟ ಒಂದೊಂದು ತಗ್ಗನ್ನೂ ಎಣಿಸುತ್ತದೆ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶಕ್ಕೆ ಸೇರಿದ ಈ ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಉಕ್ಕಿನ ಪಾಟಾಗಳೇ ಆಧಾರ. ಗಾಡಿ ಕುಲುಕಿದರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: ‘ಎರಡು ಪಾಟಾ ತಗದ್ಬಿಡ್ರಿ, ಮೆತ್ತಗ ಆಗ್ಲಿ.’ ಅನುಭವಸ್ಥ ಮೇಸ್ತ್ರಿ ಕೂಡಲೇ ಒಪ್ಪುವುದಿಲ್ಲ. ಸುಗ್ಗಿಯಲ್ಲಿ ಕಡಲೆ ಚೀಲ ಹೇರಿ, ಮೇಲೆ ನಾಲ್ಕು ಜನ ಕುಳಿತಾಗ ಉಳಿದ ಪಾಟಾಗಳೇ ಎಲ್ಲ ಭಾರ ಹೊರಬೇಕು. ಮೇಲಿನ ಮುಖ್ಯ ಪಾಟಾ ಮುರಿದರೆ ಅಚ್ಚೇ ಸರಿದು ಗಾಡಿ ಕೈತಪ್ಪಬಹುದು.

ಪಾಟಾ ಒಂದರ ಮೇಲೊಂದು ಏಕಿರಬೇಕು ಎಂಬುದಕ್ಕೆ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಒಂದೇ ಪಾಟಾದ ದಪ್ಪ ಎರಡರಷ್ಟಾದರೆ ಅದರ ಬಿಗುವು ಎಂಟು ಪಟ್ಟು ಏರುತ್ತದೆ. ಅದೇ ತೆಳು ಪಾಟಾ ಎರಡನ್ನು ಜೋಡಿಸಿದರೆ ಏರುವುದು ಎರಡೇ ಪಟ್ಟು. ಆದರೆ ಬಾಗುವಾಗ ಅವು ಒಂದರ ಮೇಲೊಂದು ಜಾರಬೇಕು. ನಡುವೆ ಕೆಸರು ಸೇರಿ ತುಕ್ಕು ಹಿಡಿದರೆ ಜಾರುವುದು ನಿಂತು, ತೆಳು ಪಾಟಾಗಳ ಕಟ್ಟು ಒಂದೇ ದಪ್ಪ ಪಾಟಾದಂತೆ ಬಿಗಿಯಾಗುತ್ತದೆ. ಕುಲುಕಾಟದ ಮೂಲ ಬಹಳ ಸಲ ಇರುವುದು ಇಲ್ಲೇ.

ಹೀಗಾಗಿ ಮೊದಲು ನೋಡಬೇಕಾದ್ದು ಟೈರಿನ ಗಾಳಿ. ಹೆಚ್ಚಾದರೂ ಗಾಡಿ ಕುಣಿಯುತ್ತದೆ. ಆಮೇಲೆ ಪಾಟಾ ಬಿಚ್ಚಿ, ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಗ್ರಾಫೈಟ್ ಗ್ರೀಸ್ ಸವರಬೇಕು. ಸವೆದ ಬುಷ್ ಬದಲಿಸಬೇಕು. ರಬ್ಬರ್ ಬುಷ್ ಆದರೆ ಅದಕ್ಕೆ ಗ್ರೀಸ್ ತಾಗಿಸಬಾರದು. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರ್ ಸೋತಿದೆ ಎಂದೇ ಅರ್ಥ. ಜಗ್ಗಿದ ಪಾಟಾವನ್ನು ಕುಲುಮೆಯಲ್ಲಿ ಕಾಯಿಸಿ ಬಾಗಿಸಿದರೆ ಸಾಲದು. ಉಕ್ಕಿಗೆ ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಕಸುವು ಉಳಿಯುವುದಿಲ್ಲ. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದಂತೂ ಪ್ರಾಣಕ್ಕೇ ಸಂಚಕಾರ.

ಕೆಲಸ ಮುಗಿದ ಮೇಲೆ ಒಮ್ಮೆ ಧಾರವಾಡಕ್ಕೆ ಹೋಗಿ ಬಂದು, ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಬೇಕು. ಆಮೇಲೆ ನವಲಗುಂದದ ದಾರಿ. ಹಳೆಯ ಜೀಪು ಹೊಸ ಕಾರಾಗುವುದಿಲ್ಲ, ತಗ್ಗು ತಗ್ಗಾಗಿಯೇ ಇರುತ್ತದೆ. ಆದರೂ ಊರು ಮುಟ್ಟಿದಾಗ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದರೆ, ಒಂದು ದಿನದ ಆ ಗ್ರೀಸಿನ ಕೆಲಸ ಸಾರ್ಥಕ.