ನಡೆಯುವವರಿಲ್ಲದ ನಗರ

ಕಾಮದಿಂದ ಹುಟ್ಟುವ ವ್ಯಸನಗಳು ಹತ್ತೆಂದು ಮನುಸ್ಮೃತಿಯು ಗಣಿಸಿರುವುದು. ಅವುಗಳಲ್ಲಿ ಮೊದಲನೆಯದು ಮೃಗಯೆ, ಎರಡನೆಯದು ದ್ಯೂತ, ಕಡೆಯದು ಗೊತ್ತುಗುರಿಯಿಲ್ಲದ ತಿರುಗಾಟ. ಈ ಮೂರನ್ನೂ ಒಂದೆಡೆ ಕೂಡಿಸಿದ ಆಟವೊಂದು 2005ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಹೊರಬಂದಿತು. ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಎಂಬುದು ಅದರ ಹೆಸರು. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಅದನ್ನು ಪ್ರಕಟಿಸಿತು. ಇಷ್ಟು ವರ್ಷಗಳು ಕಳೆದರೂ ಅದನ್ನು ಹುಡುಕಿ ತಂದು ಆಡುವ ಹುಡುಗರುಂಟು.

ಅಂತಹ ಹುಡುಗನೊಬ್ಬನ ಪಕ್ಕದಲ್ಲಿ ಅವನ ಅಜ್ಜನವರು ಕೆಲವು ಸಂಜೆ ಕುಳಿತು ನೋಡಿದರು. ಹುಡುಗನಿಗೆ 18 ತುಂಬಲು ಎರಡು ತಿಂಗಳು ಉಳಿದಿದ್ದುವು. ತುಂಬಿದೊಡನೆ ಮೋಟಾರ್ ಸೈಕಲ್ ಕೊಡಿಸುವೆನೆಂದು ತಂದೆಯು ಮಾತು ಕೊಟ್ಟಿದ್ದನು. ತಾಯಿಗೆ ಅದು ಸಮ್ಮತವಾಗಿರಲಿಲ್ಲ. ಈ ಆಟವನ್ನು ಕಂಡಾಗಲೆಲ್ಲ ಆಕೆಯ ಎದೆ ನಡುಗುತ್ತಿತ್ತು. ಗಂಡಹೆಂಡಿರ ಈ ವ್ಯಾಜ್ಯದ ತೀರ್ಮಾನವು ಕಡೆಗೆ ಹಿರಿಯರ ಮೇಲೆ ಬಿದ್ದಿತು.

ಆಟದ ಕಥೆಯು ಸರಳವಾದುದು. ರಾಕ್‌ಪೋರ್ಟ್ ಎಂಬ ಕಲ್ಪಿತ ನಗರಕ್ಕೆ ಒಬ್ಬನು ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಬರುವನು. ರೇಜರ್ ಎಂಬುವನು ಮೋಸದಿಂದ ಆ ಕಾರನ್ನು ಗೆದ್ದುಕೊಳ್ಳುವನು. ಅದನ್ನು ಮರಳಿ ಪಡೆಯಬೇಕಾದರೆ, 15 ಮಂದಿ ಪಂದ್ಯಗಾರರ ಪಟ್ಟಿಯಲ್ಲಿ ಕಡೆಯವನಿಂದ ತೊಡಗಿ ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಮೇಲೇರಬೇಕು. ಪಂದ್ಯ ಗೆದ್ದರಷ್ಟೇ ಸಾಲದು. ಪೊಲೀಸರು ಬೆನ್ನಟ್ಟುವಂತೆ ಮಾಡಿಕೊಳ್ಳಬೇಕು, ಅವರಿಂದ ಪಾರಾಗಬೇಕು, ತನ್ನ ತಲೆಗೆ ಕಟ್ಟಿದ ಬೆಲೆ ಬೆಳೆಯಬೇಕು. ಅಪಕೀರ್ತಿಯೇ ಅಲ್ಲಿ ಅರ್ಹತೆ!

ಆದರೂ ಬೆನ್ನಟ್ಟುವಿಕೆ ಆರಂಭವಾದೊಡನೆ ಅಜ್ಜನವರ ಕೈ ತಾನಾಗಿ ಕುರ್ಚಿಯನ್ನು ಬಿಗಿಹಿಡಿಯುತ್ತಿತ್ತು. ಪೊಲೀಸರು ವಾಹನಗಳನ್ನು ಸಾಲಾಗಿ ನಿಲ್ಲಿಸಿ ದಾರಿ ಕಟ್ಟುವರು, ರಸ್ತೆಗೆ ಮುಳ್ಳುಪಟ್ಟಿಗಳನ್ನು ಹಾಸುವರು. ಮೇಲೆ ಹೆಲಿಕಾಪ್ಟರ್ ಸುತ್ತುವುದು. ಅವರ ರೇಡಿಯೋ ಸಂಭಾಷಣೆಯೆಲ್ಲ ಓಡುವವನ ಕಿವಿಗೆ ಬೀಳುವುದು. ಕಣ್ತಪ್ಪಿಸಿ ಬಂದ ಮೇಲೂ, ಹುಡುಕಾಟವು ಅಡಗುವವರೆಗೆ ಎಲ್ಲಿಯಾದರೂ ಮರೆಯಲ್ಲಿ ಸುಮ್ಮನಿರಬೇಕು. ಓಡುವುದಕ್ಕಿಂತ ಹಾಗೆ ಸುಮ್ಮನಿರುವುದೇ ಹುಡುಗನಿಗೆ ಕಷ್ಟವಾಗಿ ಕಂಡಿತು.

ಅಜ್ಜನವರಿಗೆ ಕಾಳಿದಾಸನ ಶಾಕುಂತಲವು ನೆನಪಾಯಿತು. ಅದರ ಮೊದಲ ಅಂಕವೂ ಹೀಗೆಯೇ ಬೆನ್ನಟ್ಟುವಿಕೆಯಿಂದ ತೊಡಗುವುದು. ಆದರೆ ಅಲ್ಲಿ ನಾಯಕನು ರಥದಲ್ಲಿರುವನು. ಇಲ್ಲಿ ನಾಯಕನೇ ಹುಲ್ಲೆ. ಅಟ್ಟಲ್ಪಡುವವನಿಗೆ ಮನಸ್ಸು ಒಲಿಯುವುದು ಲೋಕಸ್ವಭಾವವಾದುದರಿಂದ, ಕಟ್ಟಳೆ ಮುರಿದವನೆಂದು ತಿಳಿದೂ ಅವನು ಪಾರಾಗಲೆಂದೇ ನೋಡುವವನು ಬಯಸುವನು. ಇಷ್ಟಾದರೂ ಏನೋ ಒಂದು ಕೊರತೆ ಅವರಿಗೆ ತೋರುತ್ತಿತ್ತು. ಮೂರನೆಯ ಸಂಜೆ ಅದು ಹೊಳೆಯಿತು.

“ಮಗು, ಇಷ್ಟು ದೊಡ್ಡ ಊರಿನಲ್ಲಿ ನಡೆದುಹೋಗುವವರು ಒಬ್ಬರೂ ಇಲ್ಲವಲ್ಲ?”

“ಇಲ್ಲ ಅಜ್ಜ. ಜನ ಇದ್ದರೆ ಹೀಗೆ ಓಡಿಸುವುದಕ್ಕಾಗುತ್ತದೆಯೇ?” ಎಂದು ಹುಡುಗನು ನಕ್ಕನು. ನಕ್ಕವನು ತನ್ನ ಮಾತು ತನಗೇ ಕೇಳಿಸಿದಂತೆ ಸ್ವಲ್ಪ ಹೊತ್ತು ಸುಮ್ಮನಾದನು.

ನಾಟಕದಲ್ಲಿ ದುಷ್ಯಂತನ ಬಾಣಕ್ಕೂ ಮೃಗಕ್ಕೂ ನಡುವೆ ತಪಸ್ವಿಗಳು ಬಂದು ಕೈಯೆತ್ತುವರು. ಅರಸನು ಬಾಣವನ್ನು ಹಿಂತೆಗೆದುಕೊಳ್ಳುವನು. ಅವನ ದೊಡ್ಡತನವಿರುವುದು ರಥದ ವೇಗದಲ್ಲಲ್ಲ, ಆ ನಿಲುಗಡೆಯಲ್ಲಿ. ರಾಕ್‌ಪೋರ್ಟಿನಲ್ಲಿ ಅಡ್ಡ ಬರುವ ವಾಹನಗಳುಂಟು, ಕೈಯೆತ್ತುವ ಮನುಷ್ಯನಿಲ್ಲ. ಆದುದರಿಂದ ಅಲ್ಲಿ ನಿಲ್ಲುವುದನ್ನು ಕಲಿಯುವ ಸಂದರ್ಭವೇ ಇಲ್ಲ.

ಮರುದಿನ ಸಂಜೆ ಅಜ್ಜನವರು ವಾಚನಾಲಯಕ್ಕೆ ಹೊರಡುವಾಗ ಮೊಮ್ಮಗನನ್ನು ಜೊತೆಗೆ ಕರೆದರು. ಕಾಲುದಾರಿಯಿಲ್ಲದ ರಸ್ತೆ. ದಾಟುವುದಕ್ಕೆಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು ಅವರು ಬಹಳ ಹೊತ್ತು ನಿಂತರು. ಅಷ್ಟರಲ್ಲಿ ಒಂದು ಮೋಟಾರ್ ಸೈಕಲ್ ಅವರ ಪಂಚೆಯ ಅಂಚನ್ನು ಸವರಿಕೊಂಡು ಹೋಯಿತು. ಹುಡುಗನು ಬೆಚ್ಚಿ ಅಜ್ಜನನ್ನು ಹಿಂದಕ್ಕೆಳೆದುಕೊಂಡನು. ಆ ಮುದಿಗೈ ನಡುಗುತ್ತಿದ್ದುದು ಅವನ ಹೆಗಲಿಗೆ ತಿಳಿಯಿತು. ಇಬ್ಬರೂ ಮಾತನಾಡಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜನವರು ಸೊಸೆಗೆ ಹೇಳಿದರು: “ಗಾಡಿ ಕೊಡಿಸಲಿ ಬಿಡಮ್ಮ. ಆದರೆ ಈ ಎರಡು ತಿಂಗಳು ಇವನು ದಿನವೂ ನನ್ನೊಡನೆ ನಡೆಯಲಿ.”

ಆಟವನ್ನು ಯಾರೂ ನಿಲ್ಲಿಸಲಿಲ್ಲ. ಆದರೆ ವಾಚನಾಲಯಕ್ಕೆ ಹೊರಡುವ ಹೊತ್ತಾದೊಡನೆ, ಪೊಲೀಸರು ಎಷ್ಟೇ ಹತ್ತಿರವಿದ್ದರೂ ಹುಡುಗನು ಆಟವನ್ನು ಅಲ್ಲಿಗೇ ಬಿಟ್ಟು ಎದ್ದು, ಅಜ್ಜನ ಚಪ್ಪಲಿಗಳನ್ನು ಬಾಗಿಲಿಗೆ ತಂದಿಡುವನು.