ಟ್ಯೂಬ್‌ಲೈಟುಗಳು

ಶಾಲೆಯಲ್ಲಿ ನಮಗೊಂದು ಹೆಸರಿತ್ತು: ಟ್ಯೂಬ್‌ಲೈಟು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಮಾಸ್ಟ್ರ ಪ್ರಶ್ನೆ ನಮ್ಮೊಳಗೆ ಇಳಿದು ಉತ್ತರವಾಗಿ ಹೊರಬರುವಷ್ಟರಲ್ಲಿ ಮುಂದಿನ ಬೆಂಚು ನಕ್ಕಾಗಿರುತ್ತಿತ್ತು. ನಮ್ಮ ಮನೆಯ ಮೊದಲ ಪದವಿ ಕೈಗೆ ಬಂದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ.

1979-80ರಲ್ಲಿ ಶುರುವಾದ ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಕೆಳಗೆ ಅಮ್ಮ ಬೀಡಿ ಕಟ್ಟಿದಳು, ನಾವು ಓದಿದೆವು. ನಮ್ಮ ಹಿಂದೆ ಬರುವ ಮಕ್ಕಳಿಗಾದರೂ ಬೆಳಕು ಹೆಚ್ಚಿರಲೆಂದು ಕಂಕನಾಡಿಯ ಕಾಲನಿಯಲ್ಲಿ ರಾತ್ರಿ ಓದಲು ಒಂದು ಕೋಣೆ ಮಾಡಿದೆವು. ಬಂದರಿನ ಗುಜರಿಯಲ್ಲಿ, ಹಡಗಿನಿಂದ ಕಳಚಿದ ಹಳೆಯ ದೀಪದ ಪೆಟ್ಟಿಗೆ ಸಿಕ್ಕಿತು. ಎರಡಡಿಯ, 20 ವ್ಯಾಟಿನ ಎರಡು ಟ್ಯೂಬುಗಳದ್ದು. ಮೇಲೆ 115 ವೋಲ್ಟ್, 60 ಸೈಕಲ್ ಎಂದಿತ್ತು. ನಮ್ಮ ಕಂಬದಿಂದ ಬರುವುದು 230 ವೋಲ್ಟ್, 50 ಸೈಕಲ್. ಇದು ನಮಗೆ ಆಗುವಂಥದ್ದಲ್ಲ ಎಂದೆವು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೈರಿಂಗ್ ಕೆಲಸ ಕಲಿತ ಮಾವ ನಕ್ಕರು. "ಟ್ಯೂಬಿಗೆ ಎಂತ ಗೊತ್ತುಂಟು ಮಾರಾಯಾ, ಯಾವ ಊರಿನ ಕರೆಂಟು ಅಂತ? ಒಂದೊಂದಕ್ಕೆ ಅರವತ್ತು ವೋಲ್ಟಿನ ಒಳಗೆ ಸಾಕು. ನಡುವಿನ ಚೋಕು ಬದಲಿಸಬೇಕು, ಅಷ್ಟೇ."

ಗೆಳೆಯರೇ, ಟ್ಯೂಬಿನಲ್ಲಿ ಬೆಳಕು ಕೊಡುವುದು ಬಲ್ಬಿನಂತೆ ಉರಿಯುವ ತಂತಿಯಲ್ಲ. ಪಾದರಸದ ಆವಿಯಲ್ಲಿ ಕರೆಂಟು ಹರಿಯುತ್ತದೆ. ಹೊತ್ತಿದ ಮೇಲೆ ಅದು ಹೆಚ್ಚು ಹೆಚ್ಚು ಎಳೆದುಕೊಳ್ಳುತ್ತಲೇ ಹೋಗುತ್ತದೆ. ಹಿಡಿದು ನಿಲ್ಲಿಸುವುದು ಚೋಕು. 115ರ ಚೋಕಿಗೆ 230 ಕೊಟ್ಟರೆ ಚೋಕೇ ಸುಡುತ್ತದೆ.

ಮಾವ ಹಳೆಯ ಚೋಕನ್ನೂ ಪುಡಿಯಾಗಿ ಉದುರುತ್ತಿದ್ದ ವೈರುಗಳನ್ನೂ ಕಿತ್ತರು. ಎರಡು ಟ್ಯೂಬನ್ನು ಒಂದರ ಹಿಂದೆ ಒಂದು ಸಾಲಾಗಿ ಸೇರಿಸಿದರು. ಸೇರಿದರೆ ಅವು ನಾಲ್ಕಡಿಯ 40 ವ್ಯಾಟಿನ ಟ್ಯೂಬಿಗೆ ಹೆಚ್ಚುಕಡಿಮೆ ಸಮ. ಅದರ ಚೋಕು ಒಂದೇ ಸಾಕು. ಸ್ಟಾರ್ಟರು ಮಾತ್ರ ಟ್ಯೂಬಿಗೊಂದು, 4ರಿಂದ 22 ವ್ಯಾಟು ಎಂದು ಬರೆದದ್ದು. ಫೇಸು ಸ್ವಿಚ್ಚಿನಿಂದ ಚೋಕಿಗೆ. ತಗಡಿನ ಮೈಗೆ ಅರ್ತ್. "ಇದನ್ನು ಮರೆತರೆ ಮಳೆಗಾಲದಲ್ಲಿ ಮುಟ್ಟಿದವ ಉಳಿಯುವುದಿಲ್ಲ" ಎಂದರು.

ಮೈನ್ ಹಾಕಿ ಸ್ವಿಚ್ಚು ಒತ್ತಿದೆವು. ಮಿಣುಕಿತು, ಆರಿತು. ಮಕ್ಕಳು "ಟ್ಯೂಬ್‌ಲೈಟ್!" ಎಂದು ನಕ್ಕವು.

"ಅದು ತಡ ಅಲ್ಲ ಮಕ್ಕಳೇ," ಎಂದರು ಮಾವ. "ಸ್ಟಾರ್ಟರು ಮೊದಲು ತುದಿಗಳನ್ನು ಬಿಸಿ ಮಾಡಬೇಕು. ಅದು ಕೈಬಿಟ್ಟಾಗ ಚೋಕು ಒಮ್ಮೆ ಒದೆಯುತ್ತದೆ. ಆಗ ಹೊತ್ತುತ್ತದೆ."

ಹೊತ್ತಿತು.

ನಮಗೂ ಪಾಠಕ್ಕೂ ನಡುವೆ ಇದ್ದದ್ದು ನಮಗಾಗಿ ಮಾಡಿದ್ದಲ್ಲ. ಅದನ್ನು ಬದಲಿಸುವ ಬದಲು ನಮ್ಮನ್ನೇ ಕೆಟ್ಟ ಮಾಲು ಎಂದರು. ಹಾಗೆ ಗುಜರಿಗೆ ಬಿದ್ದವರೆಷ್ಟು ಮಂದಿ! ಮಾವನೂ ಅವರಲ್ಲೊಬ್ಬರು. ಹಳ್ಳಿಶಾಲೆಯ ಮಾಸ್ಟ್ರೇ, ನಿಮ್ಮ ಹಿಂದಿನ ಬೆಂಚಿನಲ್ಲಿ ಮಗು ಮಿಣುಕಿದರೆ ನಗಬೇಡಿ. ಚೋಕು ನೋಡಿ.