ಒಂದು ಸ್ಪಾರ್ಕ್ ಪ್ಲಗ್ಗಿನ ಪಾಠ

ವಿದ್ಯಾರ್ಥಿ ಮಿತ್ರರೇ, ಕನ್ನಡ ಪಾಠ ಹೇಳುವ ಉಪಾಧ್ಯಾಯರಿಗೂ ಮೋಟಾರು ಕಾರಿನ ಸ್ಪಾರ್ಕ್ ಪ್ಲಗ್ಗಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಹೋದ ಮಳೆಗಾಲದವರೆಗೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಈ ಮುಂಬಯಿಯಲ್ಲಿ ನಮ್ಮ ವಾಹನವೆಂದರೆ ಲೋಕಲ್ ರೈಲು. ಅದಕ್ಕೆ ಪ್ಲಗ್ ಆರಿಸುವ ಹೊಣೆ ನಮ್ಮದಲ್ಲ. ಆದರೂ ಒಂದು ಸಂಜೆ ಆ ಹೊಣೆಯನ್ನು ನಾವಾಗಿಯೇ ತಲೆಯ ಮೇಲೆ ಹೊತ್ತುಕೊಂಡೆವು. ಅರಿಯದ ವಿಷಯದಲ್ಲಿ ಅರಿತವರಂತೆ ಮಾತನಾಡಿ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆವು. ಆ ಸಂಗತಿಯನ್ನು ಮುಚ್ಚಿಡದೆ ನಿಮ್ಮ ಮುಂದಿಡುತ್ತೇವೆ.

ಪ್ಲಗ್ಗಿನ ವಿಷಯದಲ್ಲಿ ನಮಗಿದ್ದ ವಿದ್ಯೆ ಅತಿ ಸ್ವಲ್ಪ. ಬಾಲ್ಯದಲ್ಲಿ ನಮ್ಮ ತಂದೆಯವರ ಬಳಿ ಒಂದು ಬಜಾಜ್ ಸ್ಕೂಟರ್ ಇತ್ತು. ಭಾನುವಾರ ಬೆಳಿಗ್ಗೆ ಅವರು ಅದರ ಪ್ಲಗ್ ಬಿಚ್ಚಿ, ಮಸಿಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಅದರ ಮೇಲೆ 'ಮೈಕೋ' ಎಂಬ ಹೆಸರು ಇರುತ್ತಿತ್ತು. "ಇದು ನಮ್ಮ ಬೆಂಗಳೂರಿನದು ಕಣೋ" ಎಂದು ಅವರು ಹೆಮ್ಮೆಪಡುತ್ತಿದ್ದರು. ಆ ಸಂಸ್ಥೆ 1951ರಲ್ಲಿ ಹುಟ್ಟಿತು. 2008ರಿಂದ ಅದಕ್ಕೆ ಜರ್ಮನಿಯ ಮಾತೃಸಂಸ್ಥೆಯಾದ ಬಾಷ್‌ನ ಹೆಸರೇ ಬಂದಿದೆ. ಈ ಅಲ್ಪ ಪರಿಚಯವೇ ಮುಂದೆ ನಮ್ಮನ್ನು ದಾರಿ ತಪ್ಪಿಸಿತು.

ನಾವು ಹೇಳುತ್ತಿರುವ ಹುಡುಗನು ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು. ಕಡೆಯ ಬೆಂಚಿನವನು, ಕೇಳಿದರೆ ಮಾತ್ರ ಮಾತು, ಅದೂ ಅರ್ಧ. ಒಂದು ದಿನ ತಾಳ್ಮೆಗೆಟ್ಟು, ಎಲ್ಲರೆದುರಿಗೆ, "ನೀನು ತಣ್ಣಗಾದ ಕೆಂಡ ಕಣಯ್ಯ, ಎಷ್ಟು ಊದಿದರೂ ಕಿಡಿ ಏಳದು" ಎಂದು ನಾವು ಹಂಗಿಸಿದ್ದುಂಟು. ಈಗ ಅವನು ಕುರ್ಲಾದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾನೆ.

ಆ ಸಂಜೆ ಅವನು ನಮ್ಮ ಕೋಣೆಗೆ ಬಂದನು. "ಸರ್, ಉಸ್ತಾದರು ಊರಿಗೆ ಹೋಗಿದ್ದಾರೆ. ಒಂದು ಕಾರಿಗೆ ಪ್ಲಗ್ ತರುವುದನ್ನು ನನಗೇ ಒಪ್ಪಿಸಿದ್ದಾರೆ. ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿದೆ. ಒಮ್ಮೆ ಓದಿ ಹೇಳುತ್ತೀರಾ?" ಎಂದನು. ಕಾರು ಸಾಮಾನ್ಯದ್ದಲ್ಲ, ಇಂಗ್ಲೆಂಡಿನಿಂದ ಹಿಂದಿರುಗಿದ ಗೃಹಸ್ಥರೊಬ್ಬರು ಜೊತೆಯಲ್ಲಿ ತಂದ 2005ರ ಮಿನಿ ಕೂಪರ್ ಎಸ್.

ಈ ಕಾರಿನ ವಿಶೇಷವನ್ನು ಇಲ್ಲಿ ಹೇಳಬೇಕು. ಅದರ ಎಂಜಿನ್ 1.6 ಲೀಟರಿನದು. ಆ ಕಾಲದ ಮಿನಿ ಕೂಪರಿನಲ್ಲಿ ಅದೇ ಅಳತೆಯ ಎಂಜಿನ್ ಸುಮಾರು 115 ಅಶ್ವಶಕ್ತಿ ಕೊಟ್ಟರೆ, ಕೂಪರ್ ಎಸ್‌ನಲ್ಲಿ ಸುಮಾರು 170 ಕೊಡುತ್ತಿತ್ತು. ಈ ಹೆಚ್ಚಳಕ್ಕೆ ಮುಖ್ಯ ಕಾರಣ ಸೂಪರ್‌ಚಾರ್ಜರ್. ಕಮ್ಮಾರನ ತಿದಿಯು ಒಲೆಗೆ ಗಾಳಿಯೂದುವಂತೆ, ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಈ ಯಂತ್ರವು ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಶಕ್ತಿಯೂ ಹೆಚ್ಚು, ಬಿಸಿಯೂ ಹೆಚ್ಚು. ಈ ಕಾರಿನ ಒಡೆಯರು ಸೂಪರ್‌ಚಾರ್ಜರಿನ ಪುಲ್ಲಿಯನ್ನು ತೆಗೆಸಿ ಚಿಕ್ಕದೊಂದನ್ನು ಹಾಕಿಸಿದ್ದರು. ಪುಲ್ಲಿ ಚಿಕ್ಕದಾದಷ್ಟೂ ತಿದಿಯ ವೇಗ ಹೆಚ್ಚು. ಆದುದರಿಂದ ಕಾರ್ಖಾನೆಯವರು ಹೇಳಿದ್ದ ಎನ್‌ಜಿಕೆ ಕಂಪನಿಯ 6ನೆಯ ಸಂಖ್ಯೆಯ ಪ್ಲಗ್ಗಿಗಿಂತ ಒಂದು ಮೆಟ್ಟಿಲು 'ಕೋಲ್ಡ್' ಆದುದನ್ನು ತರಬೇಕೆಂದು ಉಸ್ತಾದರು ಹೇಳಿದ್ದರು.

ತಣ್ಣನೆಯ ಪ್ಲಗ್, ಬಿಸಿ ಪ್ಲಗ್ ಎಂದರೆ ಕಿಡಿಯ ಬಿಸಿಯಲ್ಲ. ಪ್ಲಗ್ಗಿನ ತುದಿಯಲ್ಲಿ ಪಿಂಗಾಣಿಯ ಬಿಳಿಯ ಮೂಗೊಂದಿದೆ. ಉರಿಯ ತಾಪವು ಈ ಮೂಗಿನಿಂದ ಪ್ಲಗ್ಗಿನ ಲೋಹದ ಕವಚಕ್ಕೂ ಅಲ್ಲಿಂದ ಎಂಜಿನ್ನಿಗೂ ಹರಿದು ಹೋಗಬೇಕು. ಮೂಗು ಉದ್ದವಾಗಿದ್ದರೆ ಹಾದಿ ದೂರ. ತಾಪವು ನಿಧಾನವಾಗಿ ಇಳಿಯುತ್ತದೆ. ಅದು ಬಿಸಿ ಪ್ಲಗ್. ಮೂಗು ಗಿಡ್ಡವಾಗಿದ್ದರೆ ತಾಪವು ಬೇಗ ಇಳಿಯುತ್ತದೆ. ಅದು ತಣ್ಣನೆಯ ಪ್ಲಗ್. ತುದಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಸುಮಾರು 850 ದಾಟಿತೋ, ಕಿಡಿ ಹಾರುವ ಮೊದಲೇ ಆ ಕಾದ ತುದಿಯೇ ಪೆಟ್ರೋಲಿಗೆ ಬೆಂಕಿ ಹೊತ್ತಿಸುತ್ತದೆ. ಆಗ ಪಿಸ್ಟನ್ನಿನ ನೆತ್ತಿ ಕರಗಿ ತೂತು ಬೀಳುವುದೂ ಉಂಟು.

ಇಷ್ಟನ್ನು ನಾವು ಹುಡುಗನ ಫೋನಿನಲ್ಲಿ ನೋಡಿ, ನಿಘಂಟಿನ ಸಹಾಯದಿಂದ ಅರ್ಥಮಾಡಿಕೊಂಡು, ಕನ್ನಡದಲ್ಲಿ ವಿವರಿಸಿದೆವು. ಇಲ್ಲಿಯವರೆಗೆ ತಪ್ಪಾಗಲಿಲ್ಲ. ಸಂಖ್ಯೆಯ ಮಾತು ಬಂದಾಗ, ತಂದೆಯವರ ಸ್ಕೂಟರಿನ ನೆನಪಿನಿಂದ ಬಾಷ್‌ನ ಪಟ್ಟಿಯನ್ನೇ ಮೊದಲು ತೆರೆದೆವು. ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ಬಿಸಿ, ಚಿಕ್ಕದಾದಷ್ಟೂ ತಣ್ಣಗೆ ಎಂದು ಅಲ್ಲಿತ್ತು. ಎನ್‌ಜಿಕೆಯ ಪಟ್ಟಿಯನ್ನೂ ನೋಡಬೇಕಾಗಿತ್ತು. "ಎರಡೂ ಒಂದೇ ಇರಬಹುದೇ ಸರ್?" ಎಂದು ಹುಡುಗನು ಕೇಳಿಯೂ ಕೇಳಿದನು. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇಂಗ್ಲಿಷ್ ಸಾಲದೆಂದು ಅವನು ತಿಳಿದಾನೆಂಬ ಅಂಜಿಕೆ ನಮಗೆ. "ಎಲ್ಲವೂ ಒಂದೇ. 6ಕ್ಕಿಂತ ತಣ್ಣನೆಯದು 5. ಹೋಗಿ ತಾ" ಎಂದುಬಿಟ್ಟೆವು. ಅವನು ಗುರುವಾಕ್ಯವೆಂದು ನಂಬಿ ನಾಲ್ಕು ಪ್ಲಗ್ ಕೊಂಡನು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಅವನ ಕರೆ ಬಂದಿತು. "ಸರ್, ಬಿಚ್ಚಿದ ಪ್ಲಗ್ಗನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡುತ್ತಿದ್ದೇನೆ. ಹಳೆಯದರ ಮೂಗು ಸುಣ್ಣದಂತೆ ಬಿಳಿಚಿಕೊಂಡಿದೆ. ಅದೇ ಕಾವು ತಾಳಲಾರದೆ ಇದ್ದಂತಿದೆ. ಹೊಸದರ ಮೂಗು ಅದಕ್ಕಿಂತಲೂ ಉದ್ದ. ಉದ್ದ ಮೂಗಿನದು ಬಿಸಿ ಪ್ಲಗ್ ಎಂದು ನಿನ್ನೆ ನೀವೇ ಹೇಳಿದಿರಲ್ಲ?"

ನಮ್ಮ ಕೈಕಾಲು ತಣ್ಣಗಾದವು. ಎನ್‌ಜಿಕೆಯ ಪಟ್ಟಿಯನ್ನು ತೆರೆದು ನೋಡಿದೆವು. ಅಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ! ಬೇಕಾದದ್ದು 7, ನಾವು ತರಿಸಿದ್ದು 5. ಅದನ್ನೇ ಹಾಕಿ, ಒಡೆಯರು ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿದ್ದರೆ ಎಂಜಿನ್ ಹಾಳಾಗಬಹುದಾಗಿತ್ತು. ಹುಡುಗನ ಕೆಲಸವೂ ಹೋಗುತ್ತಿತ್ತು. "ಹಾಕಬೇಡ, ತಪ್ಪು ನಮ್ಮದು" ಎಂದು ಕೂಗಿಯೇ ಹೇಳಿದೆವು.

ಆ ಸಂಜೆ ನಾವೂ ಅವನೊಡನೆ ಅಂಗಡಿಗೆ ಹೋದೆವು. ಅಂಗಡಿಯವನು ಬೆಲೆಬಾಳುವ ಇರಿಡಿಯಂ ಪ್ಲಗ್ಗನ್ನು ಮುಂದಿಟ್ಟನು. ನಿಕಲ್ ಸುಮಾರು 1,455 ಡಿಗ್ರಿಯಲ್ಲಿ ಕರಗಿದರೆ ಇರಿಡಿಯಂ ಕರಗುವುದು 2,400 ದಾಟಿದ ಮೇಲೆ. ಆದ್ದರಿಂದ ಅದರ ತುದಿಯನ್ನು ಬಹಳ ತೆಳ್ಳಗೆ ಮಾಡಬಹುದು, ಬಾಳಿಕೆಯೂ ಹೆಚ್ಚು. ಆದರೆ ಇರಿಡಿಯಂ ಆದಮಾತ್ರಕ್ಕೆ ಪ್ಲಗ್ ತಣ್ಣನೆಯದಾಗದು. ಅದರಲ್ಲಿಯೂ ಸಂಖ್ಯೆಯನ್ನು ನೋಡಲೇಬೇಕು. ಹಾಗಾದರೆ 8 ಅಥವಾ 9 ಇನ್ನೂ ಕ್ಷೇಮವಲ್ಲವೇ ಎಂದು ನಾವು ಕೇಳಿದೆವು. ಹುಡುಗನು ತಲೆಯಾಡಿಸಿದನು. "ಮುಂಬಯಿಯ ರಸ್ತೆಯಲ್ಲಿ ಕಾರು ತೆವಳುವುದೇ ಹೆಚ್ಚು ಸರ್. ಅತಿ ತಣ್ಣಗಾದರೆ ಮಸಿ ಕಟ್ಟುತ್ತದೆ. ಒಂದೇ ಮೆಟ್ಟಿಲು ಸಾಕು" ಎಂದನು. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟವಾದುದರಿಂದ ಇಂತಹ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿಯ ಸಂದು ದೊಡ್ಡದಿರಬಾರದೆಂದೂ, ಎಂಜಿನ್ ಆರಿದ ಮೇಲೆ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸದಿದ್ದರೆ ಥ್ರೆಡ್ ಕೆಡುವುದೆಂದೂ ಅವನೇ ತಿಳಿಸಿದನು. ಅವನು ಇಷ್ಟು ಮಾತನಾಡಿದುದನ್ನು ನಾವು ಅದುವರೆಗೆ ಕೇಳಿರಲಿಲ್ಲ.

ಅಂಗಡಿಯವನು ಮೂರು ಪ್ಲಗ್ ಬದಲಾಯಿಸಿ ಕೊಟ್ಟನು. ಪೆಟ್ಟಿಗೆ ಒಡೆದ ನಾಲ್ಕನೆಯದರ ಬೆಲೆಯನ್ನು ನಾವು ತೆತ್ತೆವು. ಹಿಂದಿರುಗುವಾಗ, "ಅಂದು ತರಗತಿಯಲ್ಲಿ ನಿನಗೆ ಒಂದು ಮಾತು ಅಂದಿದ್ದೆವು, ಅದು ತಪ್ಪಾಯಿತಪ್ಪ" ಎಂದೆವು. "ನೆನಪಿದೆ ಸರ್" ಎಂದಷ್ಟೇ ಹೇಳಿ ಅವನು ಸುಮ್ಮನಾದನು. ಆ ಎರಡು ಶಬ್ದಗಳು ಈಗಲೂ ನಮ್ಮನ್ನು ಚುಚ್ಚುತ್ತಿವೆ.

ಮಿತ್ರರೇ, ನಾಳೆ ನೀವೂ ದೊಡ್ಡ ದೊಡ್ಡ ಯಂತ್ರಗಳ ಮುಂದೆ, ಪರಭಾಷೆಯ ಪಟ್ಟಿಗಳ ಮುಂದೆ ನಿಲ್ಲುವಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಕನ್ನಡದಲ್ಲಿ ಕಲಿತವರಿಗೆ ಅದರಿಂದ ಕುಂದಿಲ್ಲ. ಕುಂದು ಬರುವುದು ನಮ್ಮಂತೆ ನಟಿಸಿದಾಗ. ಗುರುಗಳು ಹೇಳಿದರೂ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಕಣ್ಣಾರೆ ನೋಡಿರಿ. ಆ 5ನೆಯ ಸಂಖ್ಯೆಯ ಪ್ಲಗ್ ಈಗ ನಮ್ಮ ಮೇಜಿನ ಮೇಲಿದೆ. ನಿಮ್ಮ ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಂತೆ ಅದನ್ನೇ ಭಾರವಾಗಿ ಇಡುತ್ತೇವೆ. ಕಡೆಯ ಬೆಂಚಿನವರ ಪತ್ರಿಕೆ ಕೈಗೆ ಬಂದಾಗ ಒಮ್ಮೆ ಅದರತ್ತ ನೋಡಿ, ಅನಂತರ ಕೆಂಪು ಮಸಿಯ ಲೇಖನಿಯನ್ನು ಎತ್ತಿಕೊಳ್ಳುತ್ತೇವೆ.